ಒಡೆದ ಗಾಜಿಗೆ ತಕ್ಕ ಸ್ಥಾನ

ಸಂಸ್ಕೃತದ 'ಕಾಚ' ಎಂಬ ಶಬ್ದವೇ ಕನ್ನಡದಲ್ಲಿ 'ಗಾಜು' ಎಂದು ತದ್ಭವಗೊಂಡಿದೆ. ನಮ್ಮ ನೀತಿಕಾರರು ಮಣಿಯ ಹಿರಿಮೆಯನ್ನು ಹೇಳಬೇಕಾದಾಗಲೆಲ್ಲ ಈ ಬಡ ಕಾಚವನ್ನು ಎದುರಿಗೆ ತಂದು ನಿಲ್ಲಿಸಿ ಹಳಿದಿದ್ದಾರೆ. ಕಣ್ಣಿಗೆ ಮಣಿಯಂತೆ ಹೊಳೆದರೂ ಬೆಲೆಯಲ್ಲಿ ಮಣಿಯಾಗಲಾರದು ಎಂಬುದು ಅದರ ಮೇಲಿನ ಆಪಾದನೆ. ಅಖಂಡವಾಗಿದ್ದಾಗಲೇ ಇಷ್ಟು ಅನಾದರಕ್ಕೆ ಪಾತ್ರವಾದ ವಸ್ತುವು ಒಡೆದುಹೋದ ಮೇಲೆ ಅದನ್ನು ಕೇಳುವವರಾರು? ಒಡೆದ ಮಡಕೆಯ ಬೋಕಿ ಮಕ್ಕಳ ಆಟಕ್ಕಾದರೂ ಒದಗುತ್ತದೆ; ಒಡೆದ ಗಾಜು ಮಾತ್ರ ಮನೆಯ ಒಳಗೂ ಸಲ್ಲದು, ಹೊರಗೂ ಸಲ್ಲದು.

ಈಚಿನ ವರ್ಷಗಳಲ್ಲಿ ಈ ತ್ಯಾಜ್ಯ ವಸ್ತುವಿಗೆ ಒಂದು ಹೊಸ ಸ್ಥಾನವನ್ನು ಕಲ್ಪಿಸುವ ಮಾತು ಕೇಳಿಬರುತ್ತಿದೆ. ಬಳಸಿ ಬಿಸುಟ ಸೀಸೆಗಳನ್ನೂ ಕಿಟಕಿಯ ಗಾಜುಗಳನ್ನೂ ಕುಟ್ಟಿ ಕಾಂಕ್ರೀಟಿನಲ್ಲಿ ಮರಳಿಗೆ ಅಥವಾ ಜಲ್ಲಿಗೆ ಬದಲಾಗಿ ಬೆರೆಸಬಹುದು ಎಂಬುದೇ ಆ ಮಾತು. ಇದನ್ನು ಹೇಳುವವರಲ್ಲಿ ಬಹುಕಾಲ ಪ್ರಯೋಗ ನಡೆಸಿದ ವಿದ್ವಾಂಸರೂ ಉಂಟು. ಅವರ ಬರಹದ ಅರ್ಧವನ್ನು ಮಾತ್ರ ಓದಿದ ಉತ್ಸಾಹಿಗಳೂ ಉಂಟು. ಮರಳಿನ ಬೆಲೆ ಏರಿದ ದಿನಗಳಲ್ಲಿ ಅರ್ಧ ಓದಿನ ಮಾತೇ ಬೇಗ ಊರೆಲ್ಲ ಹಬ್ಬುತ್ತದೆ. ಶಬ್ದಶಾಸ್ತ್ರವನ್ನು ಪಾಠ ಹೇಳುವವನು ಕಟ್ಟಡಶಾಸ್ತ್ರದ ವಿಷಯಕ್ಕೆ ಕೈಯಿಕ್ಕುವುದು ಉಚಿತವೇ ಎಂದು ಯಾರಾದರೂ ಕೇಳಬಹುದು. ಕಾಂಕ್ರೀಟಿನ ತಾರಸಿಯ ಕೆಳಗೆ ದಿನವೂ ನೂರಾರು ಮಕ್ಕಳು ಕುಳಿತು ಓದುತ್ತಾರೆ. ಆ ತಾರಸಿಯ ಒಳಗೆ ಏನಿದೆಯೆಂದು ವಿಚಾರಿಸುವ ಅಧಿಕಾರವು ಅದರ ಅಡಿಯಲ್ಲಿ ನಿಂತು ಪಾಠ ಹೇಳುವವರಿಗೂ ಉಂಟೆಂದು ನಾನು ಭಾವಿಸುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಒಡೆದ ಗಾಜಿಗೆ ಕಾಂಕ್ರೀಟಿನಲ್ಲಿ ಸ್ಥಾನವಿದೆ. ಆದರೆ ಚೂರಾಗಿ ಬಂದ ಗಾಜಿಗೆ ಇರುವ ಸ್ಥಾನ ಬೇರೆ, ನುಣ್ಣನೆಯ ಹಿಟ್ಟಾಗಿ ಬಂದ ಗಾಜಿಗೆ ಇರುವ ಸ್ಥಾನ ಬೇರೆ. ಈ ಭೇದವನ್ನು ಅರಿಯದೆ ಚೂರುಗಾಜನ್ನು ಕಂಬಕ್ಕೂ ತೊಲೆಗೂ ಸುರಿಯುವುದು ಲೋಕೋಪಕಾರದ ಹೆಸರಿನಲ್ಲಿ ಮಾಡುವ ಅಪಕಾರವಾದೀತು.

ಮೊದಲು ಈ ವಿಚಾರಕ್ಕೆ ಕಾರಣವಾದ ಮರಳಿನ ಕ್ಷಾಮವನ್ನು ನೋಡೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೨೨ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತು ವರ್ಷವೊಂದಕ್ಕೆ ೫,೦೦೦ ಕೋಟಿ ಟನ್ನುಗಳಷ್ಟು ಮರಳು-ಜಲ್ಲಿಗಳನ್ನು ಬಳಸುತ್ತದೆ. ೨೭ ಮೀಟರು ಅಗಲ, ೨೭ ಮೀಟರು ಎತ್ತರದ ಗೋಡೆಯೊಂದನ್ನು ಇಡೀ ಭೂಮಂಡಲದ ಸುತ್ತ ಪ್ರತಿವರ್ಷವೂ ಕಟ್ಟುವುದಕ್ಕೆ ಸಾಕಾಗುವ ರಾಶಿ ಇದು. ನಮ್ಮ ನಾಡಿನ ಬಯಲುಸೀಮೆಯಲ್ಲಿ ಮರಳೆಂದರೆ ಕೇವಲ ಕಟ್ಟಡದ ಸಾಮಗ್ರಿಯಲ್ಲ. ವೇದಾವತಿ, ಜಯಮಂಗಲಿ, ಉತ್ತರ ಪಿನಾಕಿನಿಗಳಂತಹ ನದಿಗಳಲ್ಲಿ ವರ್ಷದ ಬಹುಕಾಲ ನೀರು ಮೇಲೆ ಹರಿಯುವುದಿಲ್ಲ. ಮರಳಿನ ಒಡಲಲ್ಲಿ ಅಡಗಿರುತ್ತದೆ. ಮಧುಗಿರಿ, ಪಾವಗಡ ಸೀಮೆಯ ತಲಪರಿಗೆಗಳು ಬದುಕಿದ್ದುದೇ ಈ ಮರಳಿನ ಕೃಪೆಯಿಂದ. ಮರಳನ್ನು ಬಗೆದು ಒಯ್ದಲ್ಲಿ ದಡದ ಬಾವಿಗಳು ಬತ್ತುತ್ತವೆ. ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐದು ಹೆಕ್ಟೇರಿಗಿಂತ ಚಿಕ್ಕದಾದ ಮರಳುಗಣಿಗೂ ಪರಿಸರದ ಅನುಮತಿ ಬೇಕೆಂದು ಆಜ್ಞಾಪಿಸಿದುದು ಈ ಹಾನಿಯನ್ನು ಕಂಡೇ.

ನದಿಯ ಮರಳು ದುರ್ಲಭವಾದ ಮೇಲೆ ನಾವು ಬೆಟ್ಟವನ್ನು ಒಡೆಯತೊಡಗಿದೆವು. ಬಂಡೆಯನ್ನು ಯಂತ್ರದಲ್ಲಿ ಪುಡಿಮಾಡಿ ಪಡೆಯುವ 'ಎಂ-ಸ್ಯಾಂಡ್' ಈಗ ಎಲ್ಲ ಊರುಗಳಲ್ಲಿಯೂ ದೊರೆಯುತ್ತದೆ; ಅದರಿಂದ ಒಳ್ಳೆಯ ಕಟ್ಟಡಗಳೂ ಎದ್ದಿವೆ. ಅದಕ್ಕೂ ತೆರಬೇಕಾದ ಬೆಲೆಯುಂಟು. ೨೦೨೧ರ ಜನವರಿಯಲ್ಲಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿಯೂ, ಮರುತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿಯೂ ಕಲ್ಲುಗಣಿಯ ಸ್ಫೋಟಕಗಳು ಸಿಡಿದು ಬಡವರು ಪ್ರಾಣ ತೆತ್ತರು. ಹೊಳೆಯನ್ನು ಉಳಿಸಲು ಬೆಟ್ಟ, ಬೆಟ್ಟವನ್ನು ಉಳಿಸಲು ಮತ್ತೊಂದು ಎಂದು ಅರಸುತ್ತ ಹೋಗುವವರ ಕಣ್ಣು ಕಡೆಗೆ ಕಸದ ರಾಶಿಯ ಮೇಲೆ ಬಿದ್ದುದು ಸಹಜವೇ ಆಗಿದೆ.

ಆ ರಾಶಿಯಲ್ಲಿ ಗಾಜಿನ ಪಾಲು ತೂಕದಲ್ಲಿ ಅಲ್ಪವಾದರೂ ಕಾಟದಲ್ಲಿ ಅಲ್ಪವಲ್ಲ. ಎಲೆ ಕೊಳೆಯುತ್ತದೆ, ಕಾಗದ ಕರಗುತ್ತದೆ, ಕಬ್ಬಿಣ ತುಕ್ಕು ತಿಂದು ಮಣ್ಣಾಗುತ್ತದೆ. ಗಾಜು ತಲೆಮಾರುಗಳು ಕಳೆದರೂ ಹಾಗೆಯೇ ಇರುತ್ತದೆ. ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರ ಕೈಗಳನ್ನೂ, ತಿಪ್ಪೆಯಲ್ಲಿ ಆಯುವವರ ಕಾಲುಗಳನ್ನೂ, ಮೇಯುವ ದನಗಳ ನಾಲಗೆಯನ್ನೂ ಅದು ಸೀಳುತ್ತದೆ. ನಮ್ಮ ಊರುಗಳಲ್ಲಿ ಗಾಜಿಗೂ ಸಿಮೆಂಟಿಗೂ ಇದುವರೆಗೆ ಬೆಳೆದ ಸಂಬಂಧ ಒಂದೇ: ಕಾಂಪೌಂಡು ಗೋಡೆಯ ನೆತ್ತಿಯ ಮೇಲೆ ಗಾರೆ ಮೆತ್ತಿ ಒಡೆದ ಸೀಸೆಗಳನ್ನು ಮುಳ್ಳಿನಂತೆ ನಿಲ್ಲಿಸುವುದು. ಕಳ್ಳನ ಕೈ ಕೊಯ್ಯುವುದಕ್ಕೆ ನೆನಪಾದ ಗಾಜು ಕಟ್ಟುವ ಕೆಲಸಕ್ಕೆ ನೆನಪಾಗಲಿಲ್ಲ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಸೀಸೆಗೆ ಅತ್ಯುತ್ತಮವಾದ ಗತಿಯೆಂದರೆ ತೊಳೆದು ಮತ್ತೆ ಸೀಸೆಯಾಗಿಯೇ ಬಳಸುವುದು. ಎರಡನೆಯದು, ಒಡೆದುದನ್ನು ಬಣ್ಣ ಬಣ್ಣವಾಗಿ ವಿಂಗಡಿಸಿ ಕುಲುಮೆಗೆ ಕಳುಹಿಸಿ ಮತ್ತೆ ಗಾಜಾಗಿ ಕರಗಿಸುವುದು. ಕುಲುಮೆಗೆ ಹಾಕುವ ಸಾಮಗ್ರಿಯಲ್ಲಿ ನೂರಕ್ಕೆ ಹತ್ತು ಭಾಗ ಹಳೆಯ ಗಾಜನ್ನು ಸೇರಿಸಿದರೆ ಸುಡುವ ಇಂಧನದಲ್ಲಿ ನೂರಕ್ಕೆ ಎರಡೂವರೆಯಿಂದ ಮೂರು ಭಾಗ ಉಳಿಯುತ್ತದೆ. ನಮ್ಮ ಗುಜರಿಯವರು ಯಾವ ಶಾಸ್ತ್ರವನ್ನೂ ಓದದೆ ಈ ಎರಡು ಕೆಲಸಗಳನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಕಾಂಕ್ರೀಟಿನ ಮಾತು ಬರಬೇಕಾದುದು ಮೂರನೆಯ ಸ್ಥಾನದಲ್ಲಿ. ಬಣ್ಣಗಳು ಬೆರೆತುಹೋದ, ಕಿರಿಚೂರಾದ, ಗುಜರಿಯವರೂ ಮುಟ್ಟದ ಗಾಜಿಗೆ ಮಾತ್ರ ಅದು ಅನ್ವಯಿಸತಕ್ಕದ್ದು. ಇಡೀ ಸೀಸೆಗಳನ್ನು ಕೊಂಡು ಒಡೆದು ಕಾಂಕ್ರೀಟಿಗೆ ಹಾಕುವವನು ಪರಿಸರದ ಸೇವೆ ಮಾಡುತ್ತಿದ್ದೇನೆಂದು ಹೇಳಿಕೊಳ್ಳಲಾರನು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಮರಳಿನ ಸ್ಥಾನದಲ್ಲಿ ಗಾಜು ಬಂದರೆ ಮರಳಿನಂತೆಯೇ ನಡೆದುಕೊಳ್ಳುತ್ತದೆಯೇ? ವ್ಯಾಕರಣವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಮಳೆ, ಕಾಲ ಎಂಬ ಎರಡು ಪದಗಳು ಕೂಡಿ 'ಮಳೆಗಾಲ'ವಾದಾಗ ಕಕಾರದ ಸ್ಥಾನದಲ್ಲಿ ಗಕಾರವು ಬರುತ್ತದೆ. ಹಾಗೆ ಬಂದುದನ್ನು 'ಆದೇಶ'ವೆನ್ನುತ್ತೇವೆ; ತನ್ನ ಸ್ಥಾನವನ್ನು ಬಿಟ್ಟುಕೊಟ್ಟುದು 'ಸ್ಥಾನಿ'. ಆದೇಶವು ಸ್ಥಾನಿಯಂತೆಯೇ ವರ್ತಿಸುತ್ತದೆಂದು ಪಾಣಿನಿಯು ನಿಯಮವನ್ನು ಹೇಳಿ, ಒಡನೆಯೇ ಒಂದು ಅಪವಾದವನ್ನೂ ಇರಿಸಿದ್ದಾನೆ. ವರ್ಣದ ಸ್ವರೂಪವನ್ನೇ ಆಶ್ರಯಿಸಿದ ವಿಧಿಯಲ್ಲಿ ಆ ನಿಯಮ ನಡೆಯದು. ಅಲ್ಲಿ ಆದೇಶವು ತಾನು ಏನೋ ಅದೇ ಆಗಿ ಉಳಿಯುತ್ತದೆ. ಗಾಜಿನ ವಿಷಯವೂ ಹೀಗೆಯೇ. ತೂಕದಲ್ಲಿ, ಗಡಸಿನಲ್ಲಿ, ಎಡೆಯನ್ನು ತುಂಬುವ ಕೆಲಸದಲ್ಲಿ ಗಾಜು ಬಹುಮಟ್ಟಿಗೆ ಮರಳಿನಂತೆ ಇದೆ. ಅದರ ಸಾಂದ್ರತೆ ನೀರಿನ ಎರಡೂವರೆ ಪಾಲು. ಮರಳಿನದೂ ಅದಕ್ಕೆ ಸಮೀಪವೇ. ಅದು ನೀರನ್ನು ಹೀರುವುದಿಲ್ಲವೆಂಬುದು ಒಂದು ಹೆಚ್ಚುಗುಣ. ಮೈ ನುಣುಪಾದುದರಿಂದ ಸಿಮೆಂಟಿನ ಹಿಡಿತ ಸಡಿಲವೆಂಬುದು ಒಂದು ಕೊರತೆ. ಆದರೆ ರಸಾಯನದ ವಿಧಿಯಲ್ಲಿ ಗಾಜು ತನ್ನ ಸ್ವರೂಪವನ್ನು ಬಿಡುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಸೀಸೆಯ ಗಾಜಿನಲ್ಲಿ ನೂರಕ್ಕೆ ಎಪ್ಪತ್ತು ಭಾಗಕ್ಕೆ ಮಿಕ್ಕು ಸಿಲಿಕವಿದೆ. ಉಳಿದುದರಲ್ಲಿ ಸೋಡವೂ ಸುಣ್ಣವೂ ಮುಖ್ಯ. ಗಾಜು ಹುಟ್ಟುವುದೂ ಮರಳಿನಿಂದಲೇ. ಆದುದರಿಂದ ಮರಳಿನಿಂದ ಬಂದುದು ಮರಳಿಗೇ ಮರಳುವುದರಲ್ಲಿ ತೊಂದರೆ ಏನೆಂದು ತೋರಬಹುದು. ಹೊಳೆಯ ಮರಳಿನಲ್ಲಿ ಸಿಲಿಕವು ಸ್ಫಟಿಕರೂಪದಲ್ಲಿರುತ್ತದೆ. ಅದರ ಅಣುಗಳು ದಾಸೋಹದ ಪಂಕ್ತಿಯಲ್ಲಿ ಕುಳಿತವರಂತೆ ಸಾಲುಗೊಂಡಿವೆ. ಗಾಜಿನಲ್ಲಿಯ ಸಿಲಿಕವು ಕರಗಿ ಬೇಗನೆ ತಣಿದುದಾದ್ದರಿಂದ ಅದರ ಅಣುಗಳು ಜಾತ್ರೆಯ ಜನರಂತೆ ಚೆದುರಿ ನಿಂತಿವೆ. ಸಿಮೆಂಟಿಗೆ ನೀರು ಕೂಡಿದಾಗ ಕಾಂಕ್ರೀಟಿನ ಸೂಕ್ಷ್ಮರಂಧ್ರಗಳಲ್ಲಿ ತೀಕ್ಷ್ಣವಾದ ಕ್ಷಾರದ್ರವವು ನಿಲ್ಲುತ್ತದೆ. ಆ ಕ್ಷಾರವು ಸಾಲುಗೊಂಡ ಸಿಲಿಕವನ್ನು ಸುಲಭವಾಗಿ ಭೇದಿಸಲಾರದು; ಚೆದುರಿದ ಸಿಲಿಕವನ್ನು ಭೇದಿಸಬಲ್ಲದು. ಭೇದಿಸಿದಲ್ಲಿ ಲೋಳೆಯಂತಹ ದ್ರವ್ಯವೊಂದು ಹುಟ್ಟುತ್ತದೆ. ಈ ಲೋಳೆ ಮಳೆಯ ನೀರನ್ನೋ ನೆಲದ ತೇವವನ್ನೋ ಕುಡಿದು ಉಬ್ಬುತ್ತದೆ. ಗಟ್ಟಿಯಾದ ಕಾಂಕ್ರೀಟಿನ ಒಳಗೆ ಉಬ್ಬಲು ಎಡೆಯಿಲ್ಲದುದರಿಂದ ಅದನ್ನು ಒಳಗಿನಿಂದಲೇ ಸೀಳುತ್ತದೆ. ಬತ್ತಿದ ಕೆರೆಯಂಗಳದಲ್ಲಿ ಕಾಣುವಂತಹ ಬಿರುಕುಗಳು ಮೈಯೆಲ್ಲ ಹಬ್ಬುತ್ತವೆ. ಇದಕ್ಕೆ ಕ್ಷಾರ-ಸಿಲಿಕ ಪ್ರತಿಕ್ರಿಯೆ ಎಂದು ಹೆಸರು.

ಈ ರೋಗವನ್ನು ಮೊದಲು ಗುರುತಿಸಿದವರು ಅಮೆರಿಕೆಯ ಕ್ಯಾಲಿಫೋರ್ನಿಯ ಸಂಸ್ಥಾನದ ಹೆದ್ದಾರಿ ಇಲಾಖೆಯಲ್ಲಿದ್ದ ಥಾಮಸ್ ಸ್ಟಾಂಟನ್ ಎಂಬವರು. ಕಿಂಗ್ ಸಿಟಿ ಎಂಬಲ್ಲಿಯ ಸೇತುವೆ ಮೊದಲಾದ ರಚನೆಗಳಲ್ಲಿ ಬಿರುಕುಬಿಟ್ಟ ಕಾಂಕ್ರೀಟನ್ನು ಪರೀಕ್ಷಿಸಿ, ದೋಷವು ಸಿಮೆಂಟಿನ ಕ್ಷಾರಕ್ಕೂ ಜಲ್ಲಿಯ ಸಿಲಿಕಕ್ಕೂ ಆದ ಸಂಘರ್ಷದಿಂದ ಬಂದುದೆಂದು ಅವರು ೧೯೪೦ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ಒಡಿಶಾದ ಹಿರಾಕುಡ್ ಮತ್ತು ಉತ್ತರಪ್ರದೇಶದ ರಿಹಂದ್ ಅಣೆಕಟ್ಟುಗಳ ಕಾಂಕ್ರೀಟಿನಲ್ಲಿ ಇದೇ ಬಗೆಯ ರೋಗ ಕಾಣಿಸಿಕೊಂಡಿದೆ. ಅಲ್ಲೆಲ್ಲ ದೋಷವಿದ್ದುದು ಕಲ್ಲಿನಲ್ಲಿ. ನೆಲದಲ್ಲಿ ದೊರೆತ ಕಲ್ಲೇ ಹೀಗೆ ವಂಚಿಸಬಲ್ಲುದಾದರೆ, ಮೈಯೆಲ್ಲ ಚೆದುರಿದ ಸಿಲಿಕವೇ ಆಗಿರುವ ಗಾಜಿನ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ರೋಗದ ಕ್ರೌರ್ಯವಿರುವುದು ಅದರ ನಿಧಾನದಲ್ಲಿ. ಕಾಂಕ್ರೀಟಿನ ಅಚ್ಚನ್ನು ಇಪ್ಪತ್ತೆಂಟನೆಯ ದಿನ ಯಂತ್ರದಲ್ಲಿಟ್ಟು ಒತ್ತಿ ಅದರ ಬಲವನ್ನು ಅಳೆಯುವುದು ರೂಢಿ. ಮರಳಿನಲ್ಲಿ ಐದನೆಯ ಒಂದು ಭಾಗ ಗಾಜು ಬೆರೆಸಿದ ಅಚ್ಚೂ ಆ ದಿನದ ಪರೀಕ್ಷೆಯಲ್ಲಿ ಉತ್ತೀರ್ಣವಾಗಬಹುದು. ಬಿರುಕು ಕಾಣುವುದು ವರ್ಷಗಳು ಉರುಳಿದ ಮೇಲೆ. ಅಷ್ಟರಲ್ಲಿ ಬಿಲ್ಲು ಪಾವತಿಯಾಗಿರುತ್ತದೆ, ಗುತ್ತಿಗೆದಾರನ ಹೊಣೆ ಮುಗಿದಿರುತ್ತದೆ, ಅಧಿಕಾರಿಗೆ ವರ್ಗವಾಗಿರುತ್ತದೆ. ಉಳಿಯುವುದು ಕಟ್ಟಡವೂ ಅದರೊಳಗಿನ ಮಕ್ಕಳೂ ಮಾತ್ರ. 'ನಾವು ಪರೀಕ್ಷಿಸಿದ್ದೇವೆ, ಬಲ ಸರಿಯಾಗಿದೆ' ಎಂಬ ಮಾತನ್ನು ಕೇಳಿದಾಗ 'ಯಾವ ಪರೀಕ್ಷೆ?' ಎಂದು ಮರುಪ್ರಶ್ನೆ ಹಾಕಬೇಕಾದುದು ಇದಕ್ಕಾಗಿಯೇ.

ಹಾಗಾದರೆ ಗಾಜನ್ನು ತಿಪ್ಪೆಗೇ ಬಿಡೋಣವೇ? ಬೇಡ. ಇದೇ ಗಾಜನ್ನು ಹಿಟ್ಟಿನಂತೆ ಅರೆದಾಗ ವಿಷಯವು ತಿರುವುಮುರುವಾಗುತ್ತದೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಮೇಯರ್ ಅವರೂ ಅವರ ಸಹೋದ್ಯೋಗಿಗಳೂ ೧೯೯೦ರ ದಶಕದಲ್ಲಿ ಈ ಬಗ್ಗೆ ದೀರ್ಘವಾದ ಪ್ರಯೋಗಗಳನ್ನು ನಡೆಸಿದರು. ಬಿಳಿಯ ಗಾಜಿನ ಕಣವು ಸುಮಾರು ಒಂದು ಮಿಲಿಮೀಟರಿನಷ್ಟು, ಎಂದರೆ ಮರಳಿನ ಹರಳಿನಷ್ಟೇ ಇದ್ದಾಗ ಉಬ್ಬು ಅತ್ಯಂತ ಹೆಚ್ಚೆಂದೂ, ಅದಕ್ಕಿಂತ ಸಣ್ಣದಾಗುತ್ತ ಹೋದಂತೆ ಉಬ್ಬು ಇಳಿಯುತ್ತದೆಂದೂ ಅವರು ಕಂಡರು. ಬಣ್ಣಕ್ಕಾಗಿ ಕ್ರೋಮಿಯಂ ಸೇರಿಸಿದ ಹಸಿರು ಗಾಜು ಬಿಳಿಯದರಷ್ಟು ಉಬ್ಬುವುದಿಲ್ಲವೆಂಬುದೂ ಅವರ ಪ್ರಯೋಗದಿಂದ ತಿಳಿದುಬಂದಿತು. ಗಾಜನ್ನು ಮರಳಿನಂತೆ ಕಾಣುವ ಗಾತ್ರಕ್ಕೆ ಕುಟ್ಟಿ ಮರಳೆಂದು ಬೆರೆಸುವುದೇ ಅತಿ ಹೆಚ್ಚಿನ ಅಪಾಯದ ಮಾರ್ಗ ಎಂಬುದನ್ನು ಇದರಿಂದ ಓದುಗರು ಗಮನಿಸಬೇಕು.

ಹಿಟ್ಟಾದ ಗಾಜು ಹಿತವಾಗುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಗಾಜು ಸಿಮೆಂಟಿನಷ್ಟು ನುಣ್ಣಗಾದಾಗ ಅದೇ ಸಿಲಿಕವು ಎಲ್ಲೆಡೆ ಸಮವಾಗಿ ಹರಡಿ, ಕಾಂಕ್ರೀಟು ಬಲಿಯುತ್ತಿರುವಾಗಲೇ ಅಲ್ಲಿಯ ಸುಣ್ಣದೊಡನೆ ಕೂಡಿ ಬಂಧಕ ದ್ರವ್ಯವಾಗಿ ಪರಿಣಮಿಸುತ್ತದೆ. ಚೂರಿನ ಸುತ್ತ ಒಂದೆಡೆ ಗಡ್ಡೆಗಟ್ಟಿ ಕಾಲಾಂತರದಲ್ಲಿ ಸೀಳಬೇಕಾಗಿದ್ದ ಶಕ್ತಿಯು ಆರಂಭದಲ್ಲಿಯೇ ಅಂಟಾಗಿ ವಿನಿಯೋಗವಾಗುತ್ತದೆ. ಈ ಗುಣಕ್ಕೆ ಇಟಲಿಯ ಪೊಟ್ಸುವೋಲಿ ಎಂಬ ಊರಿನ ಜ್ವಾಲಾಮುಖಿಯ ಬೂದಿಯಿಂದ ಪೊಜೊಲಾನ ಎಂಬ ಹೆಸರು ಬಂದಿದೆ. ರೋಮನ್ನರು ಆ ಬೂದಿಯನ್ನು ಸುಣ್ಣದೊಡನೆ ಕಲಸಿ ಕಟ್ಟಿದರು. ನಮ್ಮ ಹಿರಿಯರಿಗೂ ಈ ತತ್ತ್ವ ಹೊರತಾಗಿರಲಿಲ್ಲ. ಒಡೆದ ಇಟ್ಟಿಗೆಯನ್ನು ಕುಟ್ಟಿ ಪುಡಿಮಾಡಿ ಸುಣ್ಣದೊಡನೆ ಅರೆದ ಸುರ್ಕಿ ಗಾರೆ ನಮ್ಮ ಗಾರೆಯವರ ಕೈಯಲ್ಲಿ ಪಳಗಿದ ವಸ್ತು. ೧೯೧೧ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿಯ ಕೃಷ್ಣರಾಜಸಾಗರದ ಕಲ್ಲುಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ಇಟ್ಟಿಗೆಯ ಚೂರು ಹಿಟ್ಟಾಗಿ ಕಾವೇರಿಯನ್ನು ತಡೆದು ನಿಲ್ಲಿಸಲು ನೆರವಾದ ನಾಡಿನಲ್ಲಿ ಗಾಜಿನ ಹಿಟ್ಟಿನ ಮಾತು ವಿಚಿತ್ರವಾಗಿ ತೋರಬಾರದು.

ಈ ಮಾತು ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿದೆ. ಕೆನಡ ದೇಶದ ಕ್ವಿಬೆಕ್ ಪ್ರಾಂತದ ಶೆರ್‌ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಅರೆಜ್ಕಿ ತಗ್ನಿತ್-ಹಮು ಅವರ ತಂಡ ಬಹುವರ್ಷಗಳ ಕಾಲ ಗಾಜಿನ ಹಿಟ್ಟನ್ನು ಅಭ್ಯಸಿಸಿತು. ಆ ಅಭ್ಯಾಸದ ಫಲವಾಗಿ ಮಾಂಟ್ರಿಯಲ್ ನಗರದಲ್ಲಿ ಡಾರ್ವಿನ್ ಸೇತುವೆಗಳನ್ನು ೨೦೨೦-೨೧ರ ಅವಧಿಯಲ್ಲಿ ಮತ್ತೆ ಕಟ್ಟುವಾಗ ಸಿಮೆಂಟಿನಲ್ಲಿ ನೂರಕ್ಕೆ ಹತ್ತು ಭಾಗವನ್ನು ತೆಗೆದು ಗಾಜಿನ ಹಿಟ್ಟನ್ನು ಸೇರಿಸಿದರು. ಸುಮಾರು ೪೦ ಟನ್ ಗಾಜು, ಎಂದರೆ ೭೦,೦೦೦ ಸೀಸೆಗಳಷ್ಟು, ಆ ಸೇತುವೆಗಳಲ್ಲಿ ಸೇರಿದೆ. ಅಮೆರಿಕೆಯ ಎ.ಎಸ್.ಟಿ.ಎಂ. ಎಂಬ ಮಾನಕ ಸಂಸ್ಥೆಯು ೨೦೨೦ರಲ್ಲಿ ಗಾಜಿನ ಹಿಟ್ಟಿಗಾಗಿಯೇ ಸಿ ೧೮೬೬ ಎಂಬ ಪ್ರತ್ಯೇಕ ಮಾನಕವನ್ನು ಹೊರಡಿಸಿತು. ಗಾಜು ಇಲ್ಲಿ ಮರಳಿನ ಬದಲು ಸಿಮೆಂಟಿನ ಒಂದಂಶದ ಸ್ಥಾನಕ್ಕೆ ಬಂದಿದೆ ಎಂಬುದು ವಿಶೇಷ. ಜಗತ್ತು ಹೊರಹಾಕುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಭಾಗ ಸಿಮೆಂಟಿನ ತಯಾರಿಕೆಯಿಂದ ಬರುವುದಾದುದರಿಂದ ಈ ಸ್ಥಾನವೇ ಹೆಚ್ಚು ಗೌರವದ್ದು. ಕಸವೆಂದು ಬಂದುದು ಜಲ್ಲಿಯ ಪಂಕ್ತಿಯನ್ನು ದಾಟಿ ಸಿಮೆಂಟಿನ ಪಕ್ಕದಲ್ಲಿ ಕುಳಿತಂತಾಯಿತು.

ಚೂರುಗಾಜಿಗೂ ಎಡೆಯಿಲ್ಲವೆಂದು ತಿಳಿಯಬಾರದು. ಹಾಂಕಾಂಗಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ಪೂನ್ ಚಿ-ಸನ್ ಅವರ ತಂಡವು ಗಾಜಿನ ಚೂರು ಸೇರಿದ ನೆಲಹಾಸಿನ ಇಟ್ಟಿಗೆಗಳನ್ನು ರೂಪಿಸಿತು. ಅವುಗಳನ್ನು ಆ ನಗರದ ಕಾಲುದಾರಿಗಳಿಗೆ ಹಾಸಿದ್ದಾರೆ. ಹಾರುಬೂದಿಯಂತಹ ದ್ರವ್ಯಗಳನ್ನು ಸಿಮೆಂಟಿನೊಡನೆ ಸೇರಿಸಿದರೆ ಕ್ಷಾರದ ಕಾಟ ತಗ್ಗುತ್ತದೆ. ನಮ್ಮ ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಹಾರುಬೂದಿ ಹೇರಳವಾಗಿದೆ. ಅಂಗಡಿಯಲ್ಲಿ ದೊರೆಯುವ ಪೊಜೊಲಾನ ಸಿಮೆಂಟಿನಲ್ಲಿ ನೂರಕ್ಕೆ ೧೫ರಿಂದ ೩೫ ಭಾಗ ಹಾರುಬೂದಿ ಇರುವುದಕ್ಕೆ ಮಾನಕವೇ ಅವಕಾಶ ಕೊಟ್ಟಿದೆ. ಇಂತಹ ಸಿಮೆಂಟಿನೊಡನೆ, ಕಬ್ಬಿಣದ ಸರಳಿಲ್ಲದ, ಭಾರ ಹೊರದ, ಬಿರುಕುಬಿಟ್ಟರೆ ಕಿತ್ತು ಬೇರೆಯದನ್ನು ಹಾಕಬಹುದಾದ ಕೆಲಸಗಳಲ್ಲಿ ಚೂರುಗಾಜನ್ನು ಪ್ರಯೋಗಿಸಿ ನೋಡಬಹುದು. ಅಂಗಳದ ಹಾಸು, ತೋಟದ ಕಾಲುದಾರಿ, ಗಿಡದ ಸುತ್ತಣ ಕಟ್ಟೆ ಇವೇ ಆ ಕೆಲಸಗಳು.

ಈ ವಿಷಯದಲ್ಲಿ ನಮ್ಮ ದೇಶದ ಮಾನಕ ಏನು ಹೇಳುತ್ತದೆ? ಮರಳು-ಜಲ್ಲಿಗಳಿಗೆ ಸಂಬಂಧಿಸಿದ ಐ.ಎಸ್. ೩೮೩ ಎಂಬ ೧೯೭೦ರ ಮಾನಕವನ್ನು ಭಾರತೀಯ ಮಾನಕ ಬ್ಯೂರೋ ೨೦೧೬ರಲ್ಲಿ ಪರಿಷ್ಕರಿಸಿತು. ಆಗ ಉಕ್ಕಿನ ಕಿಟ್ಟ, ತಾಮ್ರದ ಕಿಟ್ಟ, ಕೆಡವಿದ ಹಳೆಯ ಕಾಂಕ್ರೀಟು ಮುಂತಾದ ತ್ಯಾಜ್ಯಗಳಿಗೆ ಮಿತಿಯನ್ನು ಹಾಕಿ ಪ್ರವೇಶ ಕೊಟ್ಟಿತು. ಉದಾಹರಣೆಗೆ, ಹಳೆಯ ಕಾಂಕ್ರೀಟಿನಿಂದ ಮಾಡಿದ ಜಲ್ಲಿಯನ್ನು ಸರಳಿಲ್ಲದ ಕಾಂಕ್ರೀಟಿನಲ್ಲಿ ನೂರಕ್ಕೆ ೨೫ ಭಾಗ, ಸರಳಿರುವ ಕಾಂಕ್ರೀಟಿನಲ್ಲಿ ೨೦ ಭಾಗ ಬಳಸಬಹುದು. ಎರಡನೆಯದರಲ್ಲಿಯೂ ಎಂ ೨೫ ದರ್ಜೆಯನ್ನು ಮೀರಕೂಡದು. ೨೦೧೬ರ ಆ ಪಟ್ಟಿಯಲ್ಲಿ ಗಾಜಿನ ಹೆಸರು ಬರಲಿಲ್ಲ. ಹೆಸರಿಲ್ಲದ ವಸ್ತುವನ್ನು ಕಂಬ, ತೊಲೆ, ತಾರಸಿಗಳಿಗೆ ಹಾಕುವ ಅಧಿಕಾರ ಯಾವ ಗುತ್ತಿಗೆದಾರನಿಗೂ ಇಲ್ಲ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದುದು ಪ್ರಯೋಗವನ್ನು ನಿಲ್ಲಿಸುವುದಕ್ಕೆ ನೆಪವಾಗಬಾರದು. ಉಕ್ಕಿನ ಕಿಟ್ಟಕ್ಕೆ ದೊರೆತ ಮಿತವಾದ ಪ್ರವೇಶವು ಗಾಜಿನ ಹಿಟ್ಟಿಗೂ ದೊರೆಯುವಂತೆ ನಮ್ಮ ತಾಂತ್ರಿಕ ವಿದ್ಯಾಲಯಗಳು ಸಾಕ್ಷ್ಯವನ್ನು ಕೂಡಿಸಿ ಮಾನಕ ಬ್ಯೂರೋದ ಮುಂದೆ ಇಡಬೇಕು. ನಿಯಮದ ಒಳಗೆ ಬಂದ ವಸ್ತುವಿಗೆ ಮಿತಿಯಿರುತ್ತದೆ. ನಿಯಮದ ಹೊರಗೆ ಉಳಿದುದು ಕದ್ದು ಒಳಗೆ ಬರುತ್ತದೆ, ಅದಕ್ಕೆ ಮಿತಿಯಿರುವುದಿಲ್ಲ.

ಬಳಸುವವರು ತಿಳಿದಿರಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಸೀಸೆಯ ತಳದಲ್ಲಿ ಉಳಿದ ಪಾನಕ-ಔಷಧಗಳ ಸಕ್ಕರೆಯು ಸಿಮೆಂಟು ಗಟ್ಟಿಯಾಗುವುದನ್ನು ತಡೆಯುತ್ತದೆ. ಆದುದರಿಂದ ಗಾಜನ್ನು ಚೆನ್ನಾಗಿ ತೊಳೆಯಬೇಕು. ಅಲ್ಯುಮಿನಿಯಂ ಮುಚ್ಚಳದ ಚೂರುಗಳು ಕ್ಷಾರದೊಡನೆ ಸೇರಿ ಅನಿಲವನ್ನು ಬಿಡುವುದರಿಂದ ಅವನ್ನು ಆಯ್ದು ತೆಗೆಯಬೇಕು. ಪಾದರಸವಿರುವ ಕೊಳವೆದೀಪ, ಸೀಸವಿರುವ ಹಳೆಯ ದೂರದರ್ಶನ ಪೆಟ್ಟಿಗೆಯ ಗಾಜು ಇವೆರಡನ್ನೂ ಈ ರಾಶಿಯ ಹತ್ತಿರಕ್ಕೂ ತರಬಾರದು. ಅರೆಯುವಾಗ ಏಳುವ ದೂಳು ಕೂಲಿಯವರ ಎದೆಯನ್ನು ಸೇರದಂತೆ ರಕ್ಷಣೆ ಇರಬೇಕು. ಬೀದಿಯ ಕೈಯನ್ನು ಗಾಯದಿಂದ ಉಳಿಸಲು ಗಿರಣಿಯ ಎದೆಯನ್ನು ಬಲಿಗೊಡುವುದು ನ್ಯಾಯವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬಲದ ಪರೀಕ್ಷೆಯ ಜೊತೆಗೆ ಉಬ್ಬಿನ ಪರೀಕ್ಷೆಯೂ ನಡೆಯಬೇಕು. ಗಾರೆಯ ಕಿರುಸರಳನ್ನು ೮೦ ಡಿಗ್ರಿ ಶಾಖದ ಕ್ಷಾರದ್ರವದಲ್ಲಿ ಹದಿನಾಲ್ಕು ದಿನ ಮುಳುಗಿಸಿಟ್ಟು ಅದರ ಉದ್ದವನ್ನು ಅಳೆಯುವ ಪದ್ಧತಿ ರೂಢಿಯಲ್ಲಿದೆ. ಉಬ್ಬು ನೂರಕ್ಕೆ ೦.೧ಕ್ಕಿಂತ ಕಡಮೆಯಾದರೆ ನಿರಪಾಯವೆಂದೂ, ೦.೨ನ್ನು ಮೀರಿದರೆ ಅಪಾಯವೆಂದೂ ಎಣಿಕೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ನೋಡಬೇಕು. 'ತೊಳೆದು, ಆಯ್ದು, ಅರೆದು, ಪರೀಕ್ಷಿಸುವುದಾದರೆ ಅಗ್ಗವೆಲ್ಲಿ ಬಂತು?' ಎಂಬುದು ಮೊದಲನೆಯದು. ಅಗ್ಗವಾಗದಿರಬಹುದು. ಆದರೆ ಗಾಜನ್ನು ಅರೆಯದೆ ತಿಪ್ಪೆಗೆ ಹಾಕುವುದರ ವೆಚ್ಚವನ್ನು ಈಗ ಪೌರಕಾರ್ಮಿಕರು ತಮ್ಮ ಕೈಯ ರಕ್ತದಿಂದ ತೆರುತ್ತಿದ್ದಾರೆ. ಲೆಕ್ಕಪತ್ರದಲ್ಲಿ ಬಾರದುದರಿಂದ ಅದು ವೆಚ್ಚವೇ ಅಲ್ಲವೆಂದು ನಾವು ಭಾವಿಸಿದ್ದೇವೆ. 'ಇದರಿಂದ ನದಿಗಳು ಉಳಿಯುತ್ತವೆಯೇ?' ಎಂಬುದು ಎರಡನೆಯದು. ಉಳಿಯಲಾರವು ಎಂದೇ ಪ್ರಾಮಾಣಿಕವಾಗಿ ಹೇಳಬೇಕು. ಒಂದು ಘನಮೀಟರು ಕಾಂಕ್ರೀಟಿಗೆ ಸುಮಾರು ೭೦೦ ಕಿಲೋ ಮರಳು ಬೇಕು. ಅದರಲ್ಲಿ ಐದನೆಯ ಒಂದು ಭಾಗಕ್ಕೆ ಗಾಜು ಹಾಕಿದರೂ ೧೪೦ ಕಿಲೋ ಆಯಿತು; ಅರ್ಧ ಕಿಲೋ ತೂಗುವ ಸೀಸೆಗಳಾದರೆ ೨೮೦ ಬೇಕು. ಒಂದು ಚಿಕ್ಕ ಮನೆಯ ತಾರಸಿಗೇ ಊರಿನ ಸೀಸೆಗಳೆಲ್ಲ ಮುಗಿದಾವು. ಮರಳಿನ ಕ್ಷಾಮಕ್ಕೆ ಮದ್ದೆಂದು ಗಾಜನ್ನು ಹೊಗಳುವವರು ಈ ಲೆಕ್ಕವನ್ನು ಮಾಡಿ ನೋಡಲಿ. ಹೊಳೆಯನ್ನು ಉಳಿಸಬೇಕಾದರೆ ಬೇಡದ ಕಟ್ಟಡವನ್ನು ಕಟ್ಟದಿರುವುದು, ಕಟ್ಟಿದುದನ್ನು ಬಾಳಿಸುವುದು, ಕೆಡವಿದುದನ್ನು ಮರುಬಳಸುವುದು ಇವು ಮೊದಲ ಉಪಾಯಗಳು. ಗಾಜಿನ ಉಪಾಯವು ಗಾಜಿನ ಸಮಸ್ಯೆಗೆ ಪರಿಹಾರ. ಅಷ್ಟನ್ನು ಮಾಡಿದರೆ ಅದು ಸಾಕಷ್ಟು ಮಾಡಿದಂತೆಯೇ ಸರಿ.

ಈ ಸಂಚಿಕೆಯನ್ನು ಓದುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ಪಂಚಾಯಿತಿ ಪುರಸಭೆಗಳ ಸದಸ್ಯರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ. ಇಂಜಿನಿಯರುಗಳು ಉಬ್ಬಿನ ಪರೀಕ್ಷೆಯ ಫಲವನ್ನು ಕಾಣದೆ ಗಾಜಿನ ಕಾಂಕ್ರೀಟಿಗೆ ಸಹಿ ಹಾಕದಿರಲಿ. ಗುತ್ತಿಗೆದಾರರು ಮರಳಿನ ಬೆಲೆ ಉಳಿಯಿತೆಂದು ಚೂರುಗಾಜನ್ನು ಗುಟ್ಟಾಗಿ ಬೆರೆಸದಿರಲಿ. ಸದಸ್ಯರು ಗಾಜನ್ನು ಬೇರೆ ಬುಟ್ಟಿಯಲ್ಲಿ ಸಂಗ್ರಹಿಸುವ ಏರ್ಪಾಡನ್ನು ತಮ್ಮ ಊರಿನಲ್ಲಿ ಮಾಡಲಿ. ಮೂಲದಲ್ಲಿಯೇ ಕಸವನ್ನು ವಿಂಗಡಿಸಬೇಕೆಂದು ೨೦೧೬ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಆದರೆ ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆಯಿಡುವ ಮನೆಗಳು ಎಷ್ಟಿವೆ ಎಂಬುದನ್ನು ಪೌರಕಾರ್ಮಿಕರನ್ನೇ ಕೇಳಿ ತಿಳಿಯಬಹುದು.

ನಮ್ಮ ಶಾಲೆಗೂ ಒಂದು ಕೆಲಸವನ್ನು ಸೂಚಿಸುತ್ತೇನೆ. ಮುಂದಿನ ವಿಜ್ಞಾನ ವಸ್ತುಪ್ರದರ್ಶನದ ಹೊತ್ತಿಗೆ ಅಂಗಳದ ಒಂದು ಮೂಲೆಯಲ್ಲಿ ಮೂರು ಹಾಸುಗಳನ್ನು ಎರಕ ಹೊಯ್ಯಬಹುದು: ಒಂದು ಮರಳಿನದು, ಇನ್ನೊಂದು ಚೂರುಗಾಜು ಬೆರೆತುದು, ಮತ್ತೊಂದು ಗಾಜಿನ ಹಿಟ್ಟು ಬೆರೆತುದು. ಗಾಜನ್ನು ಒಡೆಯುವ, ಅರೆಯುವ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದು. ಹಿಟ್ಟನ್ನು ತಾಂತ್ರಿಕ ವಿದ್ಯಾಲಯದಿಂದ ಕೇಳಿ ತರಿಸಬಹುದು. ಪ್ರತಿಯೊಂದರ ಮೇಲೂ ದಿನಾಂಕವನ್ನು ಕೆತ್ತಿಸಬೇಕು. ಮೂರೂ ಒಂದೇ ಮಳೆಯಲ್ಲಿ ನೆನೆಯಲಿ, ಒಂದೇ ಬಿಸಿಲಲ್ಲಿ ಒಣಗಲಿ. ಪ್ರತಿವರ್ಷ ಹತ್ತನೆಯ ತರಗತಿಯ ಮಕ್ಕಳು ಅವುಗಳ ಬಿರುಕನ್ನು ಅಳೆದು ಬರೆದಿಟ್ಟು, ಆ ಅಳತೆಯನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಒಂದು ಪುಟವಾಗಿ ಅಚ್ಚು ಹಾಕಿಸಲಿ. ಒಂದು ತಂಡ ಆರಂಭಿಸಿದುದನ್ನು ಹತ್ತು ತಂಡಗಳು ಮುಂದುವರಿಸಿದಾಗ ನಿಧಾನವಾಗಿ ಬರುವ ರೋಗವನ್ನು ನಿಧಾನವಾಗಿಯೇ ಕಾದು ಕಾಣುವ ಅಭ್ಯಾಸ ಮಕ್ಕಳಿಗೆ ಆಗುತ್ತದೆ. ಇಪ್ಪತ್ತೆಂಟು ದಿನಗಳ ಪರೀಕ್ಷೆಗೆ ತೃಪ್ತರಾಗುವ ಇಂದಿನ ಅವಸರಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ. ಆಡಳಿತ ಮಂಡಳಿಯವರೂ ವಿಜ್ಞಾನದ ಅಧ್ಯಾಪಕ ಮಿತ್ರರೂ ಈ ಸೂಚನೆಯನ್ನು ಪರಾಂಬರಿಸಿ, ಈ ವರ್ಷದ ಮಳೆಗಾಲಕ್ಕೆ ಮೊದಲೇ ಆ ಮೂರು ಹಾಸುಗಳನ್ನು ಹೊಯ್ಯಿಸುವರೆಂದು ನಂಬಿದ್ದೇನೆ.